ಯಾವ ಅಧಿಕಾರದಲ್ಲಿ ಹೊಡೆದ

ನನ್ನ ಗಂಡನಿಗೆ ಬಡ್ತಿ ಸಿಕ್ಕ ದಿನವೇ ನನ್ನ ಕೆನ್ನೆಗೆ ಬಿತ್ತು. ಎದುರಿಗೆ ಅವನನ್ನು ‘ರೀ’ ಅನ್ನುತ್ತೇನೆ. ಇಲ್ಲಿ ‘ಅವನು’ ಅಂತಲೇ ಹೇಳುತ್ತೇನೆ, ಯಾರಿಗೇನು ಹೆದರಿಕೆ?

‘ಬಡ್ತಿ ಬಂತು, ಸಿಹಿ ಎಲ್ಲಿ?’ ಎಂದು ಕೇಳಿದ್ದು ನನ್ನ ತಪ್ಪಂತೆ. ತಗಡು ಒತ್ತುವ ಕಾರ್ಖಾನೆಯವರು ಹೊಸ ಕರಾರಿನಲ್ಲಿ ಅವನ ಹೆಸರಿನ ಮುಂದೆ ‘ಸೂಪರ್‌ವೈಸರ್’ ಎಂದು ಬರೆದು ಸಂಬಳಕ್ಕೆ ಚೂರು ಸೇರಿಸಿದ್ದರು. ಆ ಚೂರಿನಿಂದಲೇ ಸಂಬಳ ಕಾನೂನಿನ ಮಿತಿ ದಾಟಿತು. ಮಿತಿ ದಾಟಿದ ಸೂಪರ್‌ವೈಸರ್‌ಗೆ ಓವರ್‌ಟೈಮ್ ಇಲ್ಲ. ನಮ್ಮ ಮನೆ ನಡೆಯುತ್ತಿದ್ದದ್ದೇ ಓವರ್‌ಟೈಮಿನಿಂದ. ಕೆಲಸ ಮಾತ್ರ ಅದೇ ಪ್ರೆಸ್ಸು, ಅದೇ ತಗಡು, ಅದೇ ಹೊತ್ತು ಮೀರಿದ ದುಡಿಮೆ. ಮೇಲೆ ಥಳುಕು, ಒಳಗೆ ಹುಳುಕು.

ಅವನು ಕಾರ್ಮಿಕ ಕಚೇರಿಗೆ ದೂರು ಕೊಟ್ಟ. ಹೆಸರಿಗೆ ಸೂಪರ್‌ವೈಸರ್ ಆದರೆ ಸಾಲದು, ಬೇರೆಯವರ ಮೇಲೆ ಅಧಿಕಾರ ನಡೆಸುತ್ತಿರಬೇಕು. ಇಲ್ಲದಿದ್ದರೆ ಓವರ್‌ಟೈಮ್ ಕೊಡಲೇಬೇಕು ಎಂದು ಅಲ್ಲಿಯ ಸಾಹೇಬರು ಹೇಳಿದರು. ಅಂದಿನಿಂದ ಅವನು ಮೀಸೆ ತಿರುವಿಕೊಂಡು ಓಡಾಡಿದ.

ನನ್ನ ತಮ್ಮನೂ ಅದೇ ಕಾರ್ಖಾನೆಯಲ್ಲಿ, ಪಕ್ಕದ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಅವನದು ತರಲೆ ಬಾಯಿ. ಒಂದು ಮಧ್ಯಾಹ್ನ ಎಲ್ಲರೆದುರು, “ಏನ್ ಭಾವ, ಸೂಪರ್‌ವೈಸರ್ ಸಾಹೇಬ್ರು ಕೈಗೆ ಗ್ರೀಸ್ ಮಾಡ್ಕೋಬಾರ್ದಪ್ಪ” ಅಂದ. ನನ್ನ ಗಂಡ ಸ್ಪ್ಯಾನರ್ ತೆಗೆದು ಬಾಯಿಗೇ ಬೀಸಿದ. ತಮ್ಮನ ಮುಂದಿನ ಎರಡು ಹಲ್ಲು ತಗಡಿನ ಮೇಲೆ ಬಿದ್ದವು. ಬಿದ್ದವನ ಪಕ್ಕೆಗೆ ಬೂಟಿನಲ್ಲಿ ಒದ್ದು, “ನಡಿಯೋ ಆಚೆ!” ಎಂದು ಕಾಲರ್ ಹಿಡಿದು ಬಾಗಿಲ ಹೊರಗೆ ಎಳೆದು ಹಾಕಿದ. ಮ್ಯಾನೇಜರ್ ಗಾಜಿನ ಕೋಣೆಯಲ್ಲಿ ನಿಂತು ಎಲ್ಲ ನೋಡಿದನೇ ಹೊರತು ಬಿಡಿಸಲು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಕಾರ್ಮಿಕ ಕಚೇರಿಯಲ್ಲಿ ದೂರಿನ ವಿಚಾರಣೆಯ ದಿನ ಗೊತ್ತಾಯಿತು.

“ನೋಡಿ ಸಾರ್,” ಅಂದ ಮ್ಯಾನೇಜರ್. “ಇವನು ಕೆಲಸಗಾರನಿಗೆ ಶಿಕ್ಷೆ ಕೊಟ್ಟ, ಆಚೆ ಕಳಿಸಿದ. ಇದು ಸೂಪರ್‌ವೈಸರ್ ಅಧಿಕಾರ ಅಲ್ದೆ ಮತ್ತೇನು?”

ನಾನು ತಮ್ಮನ ಪಕ್ಕ ಬೆಂಚಿನ ಮೇಲಿದ್ದೆ. ಅವನ ಬಾಯಿ ಇನ್ನೂ ಊದಿತ್ತು. ಸಾಹೇಬರು ನನ್ನ ಗಂಡನನ್ನು ಕೇಳಿದರು: “ಯಾವ ಅಧಿಕಾರದಲ್ಲಿ ಹೊಡೆದ್ರಿ?”

“ಅಧಿಕಾರ ಎಲ್ಲಿಂದ ಬಂತು ಸಾರ್! ಅವ್ನು ನನ್ನ ಭಾವಮೈದ, ಇದು ಮನೆ ಜಗಳ. ನನ್ನ ಕೈಯೇ ಹಂಗೆ. ಕೋಪ ಬಂದ್ರೆ ಮನೇಲೂ ಹೊಡೀತೀನಿ. ಇವಳನ್ನೇ ಕೇಳಿ.” ನನ್ನ ಕಡೆ ತಿರುಗಿದ. “ಹೇಳೇ.”

ಮದುವೆಯಾದಾಗಿನಿಂದ ಅವನು ಕಲಿಸಿದ್ದು ಒಂದೇ ಪಾಠ: ಬಾಯಿ ಬಿಟ್ಟರೆ ಹೂತುಹಾಕುತ್ತೇನೆ. ಗಾಯ ಕಂಡು ತಮ್ಮ ಎಷ್ಟೋ ಸಲ ಕೇಳಿದ್ದ. ಬಾಗಿಲು ತಗುಲಿತು, ಮೆಟ್ಟಿಲು ಎಡವಿದೆ ಎಂದು ಅವನಿಗೂ ಸುಳ್ಳೇ ಹೇಳಿದ್ದೆ. ಈಗ ನನ್ನ ಏಟುಗಳು ಗಂಡನ ಓವರ್‌ಟೈಮಿಗೆ ಸಾಕ್ಷಿ ಹೇಳಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು.

“ಇಲ್ಲ ಸಾರ್,” ಅಂದೆ. “ಚಿನ್ನದಂಥಾ ಮನುಷ್ಯ. ಒಂದಿನಾನೂ ಕೈ ಎತ್ತಿಲ್ಲ. ಇದು ಬಚ್ಚಲಲ್ಲಿ ಜಾರಿ ಬಿದ್ದಿದ್ದು.” ಹುಬ್ಬಿನ ಹೊಲಿಗೆಯನ್ನೂ ತೋರಿಸಿದೆ.

ಮ್ಯಾನೇಜರ್ ನಕ್ಕ. ಸುಳ್ಳು ಹೇಳಿ ಅಷ್ಟು ಖುಷಿಪಟ್ಟದ್ದು ನಾನು ಅದೇ ಮೊದಲು.

ಖುಷಿ ಮುಗಿಯುವ ಮೊದಲೇ ಗಂಡ ನನ್ನ ಜುಟ್ಟು ಹಿಡಿದಿದ್ದ. “ಸುಳ್ಳು ಬೊಗಳ್ತೀಯಾ?” ಎಂದು ಹಣೆಯನ್ನು ಮೇಜಿನ ಅಂಚಿಗೆ ಜಜ್ಜಿದ. ಮತ್ತೆ ಜಜ್ಜಿದ. ಹೊಲಿಗೆ ಬಿಚ್ಚಿ ರಕ್ತ ಕಣ್ಣಿಗೆ ಇಳಿಯಿತು. ತಮ್ಮ ಹಾರಿ ಬಂದು ಕುರ್ಚಿಯಿಂದ ಅವನ ಮುಖಕ್ಕೇ ಹೊಡೆದ, ಮೂಗು ಲಟಕ್ಕೆಂದಿತು. ಜವಾನರು ಬಂದು ಇಬ್ಬರನ್ನೂ ಗೋಡೆಗೆ ಒತ್ತಿ ಹಿಡಿದರು.

ಸಾಹೇಬರು ಮೇಜಿನ ಮೇಲಿನ ರಕ್ತ ಒರೆಸಿಸಿ, ಕನ್ನಡಕ ಸರಿಮಾಡಿಕೊಂಡರು. “ಇದರಲ್ಲಿ ಅಧಿಕಾರ ಏನೂ ಕಾಣ್ತಿಲ್ಲ, ಬರೀ ಸ್ವಭಾವ. ಓವರ್‌ಟೈಮ್ ಕೊಡಿ,” ಎಂದು ಮ್ಯಾನೇಜರ್‌ಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ. ಮನೇಲಿ ಸರಿ ಮಾಡ್ಕೊಳ್ಳಿ” ಅಂದರು.

ಹೊರಗೆ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ. ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಮುಖ ಮಗುವಿನ ಹಾಗೆ ಅರಳಿತ್ತು.

“ಗೆದ್ವಲ್ಲೇ! ಓವರ್‌ಟೈಮ್ ಬರತ್ತೆ. ನಡಿ, ಇವತ್ತು ಸಿಹಿ ಕೊಡಿಸ್ತೀನಿ” ಎಂದು ಕೈ ಚಾಚಿದ. ಅದೇ ಕೈ. ಬೆರಳ ಸಂದಿಯಲ್ಲಿ ನನ್ನ ಕೂದಲು ಇನ್ನೂ ಅಂಟಿಕೊಂಡಿತ್ತು.

ತಮ್ಮನ ಬಾಡಿಗೆ ಕೋಣೆ ಅಲ್ಲಿಂದ ಎರಡೇ ಬೀದಿ. ನಾನು ಸೆರಗಿನಿಂದ ಹಣೆ ಒತ್ತಿಕೊಂಡು ತಮ್ಮನ ತೋಳು ಹಿಡಿದೆ.

“ಓವರ್‌ಟೈಮ್ ಬರ್ಲಿ,” ಅಂದೆ ಗಂಡನಿಗೆ. “ನಾನು ಬರಲ್ಲ.”