ಗಾಳಿಗೆ ಬೆನ್ನು ಕೊಟ್ಟ ಹಕ್ಕಿಗಳು

ಹೊಳೆ ನಡುವಿನ ಮರಳು ದಿಬ್ಬದ ಮೇಲೆ, ಮೀನು ಹಿಡಿದು ಬದುಕುವ ರೀವ ಹಕ್ಕಿಗಳು ಮೂವತ್ತಾದರೂ ಇಲ್ಲದಿದ್ದರೆ ಅದನ್ನು ರಕ್ಷಿತ ಪ್ರದೇಶದಿಂದ ಕೈಬಿಟ್ಟು, ನೀರಿನ ಸ್ಕೂಟರ್ ಓಡಿಸುವವರಿಗೆ ಕೊಡುತ್ತಾರೆ. ಎಣಿಸಲು ದೊಡ್ಡ ಸಾಹೇಬರು ಬಂದಿದ್ದರು. ಹಿಂದಿನ ದಿನ ರೇಂಜರ್ ಮೇಡಂ ಎಣಿಸಿದಾಗ ಸಿಕ್ಕಿದ್ದು ಹನ್ನೊಂದು.

ಅವುಗಳ ಜೊತೆ ದಿಬ್ಬದ ಮೇಲೆ ಇನ್ನೂ ಇಪ್ಪತ್ತಿದ್ದವು, ಆದರೆ ಅವು ಮರದ ಬೊಂಬೆಗಳು. ತಮ್ಮವರು ಆಗಲೇ ಬಂದಿದ್ದಾರೆಂದು ನಂಬಿ ನಿಜವಾದವು ಇಳಿಯಲಿ ಎಂದು ನೆಟ್ಟಿದ್ದು. ಮೊಟ್ಟೆ ಇಡುವ ಕಾಲ ಶುರುವಾದ ಮೇಲೆ ದಿಬ್ಬಕ್ಕೆ ಯಾರೂ ಕಾಲಿಡುವಂತಿಲ್ಲ, ಎಣಿಕೆಯೆಲ್ಲ ದೋಣಿಯಿಂದಲೇ. ಹಾಗಾಗಿ ಅವನ್ನು ನೆಡುವಾಗ ದೋಣಿ ನಡೆಸುವ ಅಜ್ಜ ಮಾಡಿದ ತಪ್ಪನ್ನು ತಿದ್ದಲಾಗಿರಲಿಲ್ಲ. ಈ ಹಕ್ಕಿಗಳು ಗಾಳಿಗೆ ಎದುರಾಗಿ ಕೂರುತ್ತವೆ. ಅಜ್ಜ ಮಾತ್ರ, ನೋಡುವವರಿಗೆ ಮುಖ ಕಾಣಲಿ ಎಂದು, ಇಪ್ಪತ್ತನ್ನೂ ಮದುವೆ ಫೋಟೊಗೆ ನಿಲ್ಲಿಸಿದಂತೆ ಗಾಳಿಗೆ ಬೆನ್ನು ಮಾಡಿ ದೋಣಿಯ ಕಡೆ ತಿರುಗಿಸಿ ನೆಟ್ಟಿದ್ದ.

“ಮೂವತ್ತೊಂದು!” ಸಾಹೇಬರು ದುರ್ಬೀನು ಇಳಿಸಿದರು. “ಆದ್ರೆ ಇಪ್ಪತ್ತು ಯಾಕೆ ಈ ಕಡೆ ತಿರುಗಿವೆ?”

“ಮುನಿಸು ಸಾರ್,” ಅಂದ ಅಜ್ಜ. “ಎರಡು ಮನೆತನ. ಮಾತುಕತೆ ಇಲ್ಲ.”

“ಅಲ್ಲಾಡ್ತಾನೂ ಇಲ್ವಲ್ಲ?”

“ಹಟಮಾರಿಗಳು.”

ಮೇಡಂಗೆ ತಡೆಯಲಾಗಲಿಲ್ಲ. “ಅವು ಮರದವು ಸರ್. ಇರೋದು ಹನ್ನೊಂದೇ.”

“ನಿನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ, ಮಗಳೇ!” ಅಜ್ಜ ಹಣೆ ಚಚ್ಚಿಕೊಂಡ.

ಸಾಹೇಬರು ಕೆಂಪಾದರು. “ಸಾಕ್ಷಿಗೆ ಆ ಮರದ್ದೊಂದು ಬೇಕು,” ಎಂದು ಪ್ಯಾಂಟು ಮಡಚಿದರು.

“ಇಳೀಬೇಡಿ ಸರ್, ಮೊಟ್ಟೆ ಇದಾವೆ!”

ಸಾಹೇಬರು ಆಗಲೇ ಮೊಣಕಾಲುದ್ದ ನೀರಿನಲ್ಲಿದ್ದರು. ದಿಬ್ಬ ಇನ್ನು ನಾಲ್ಕು ಹೆಜ್ಜೆ ಇರುವಾಗ, ದೋಣಿಗೆ ಕಾಣದ ಹಿಂದಿನ ತಗ್ಗಿನಿಂದ ಹಿಂಡೊಂದು ಚೀರುತ್ತ ಎದ್ದಿತು. ಎದ್ದದ್ದು ನೇರ ಸಾಹೇಬರ ಮೇಲೆ ಬಂತು. ಮೊದಲು ಟೋಪಿ ಹೋಯಿತು, ಆಮೇಲೆ ಮರ್ಯಾದೆ.

“ಎಣಿಸಿ ಸರ್!” ಮೇಡಂ ಕೂಗಿದರು.

“ಕಣ್ಣೇ ಬಿಡೋಕಾಗ್ತಿಲ್ಲ, ಎಣಿಸೋದೆಲ್ಲಿಂದ!”

ಅವರು ದೋಣಿ ಹತ್ತುವಷ್ಟರಲ್ಲಿ ಹಕ್ಕಿಗಳು ಮತ್ತೆ ತಗ್ಗಿನಲ್ಲಿ ಮರೆಯಾಗಿದ್ದವು. ನೀಲಿ ಅಂಗಿಯ ಬೆನ್ನಿನ ತುಂಬ ಬಿಳಿ ಚುಕ್ಕೆ. ಅಜ್ಜ ಅವರ ಹಿಂದೆ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ಎಣಿಸತೊಡಗಿದ.

“ಮೂವತ್ತೆಂಟು. ಮರದವು ಇದನ್ನ ಮಾಡಲ್ಲ ಸಾರ್.”

“ಒಂದೇ ಹಕ್ಕಿ ಎರಡೆರಡು ಸಲ ಮಾಡಿದ್ರೆ?”

“ಅನುಮಾನ ಇದ್ರೆ ಹೋಗಿ ಕೇಳ್ಕೊಂಡು ಬನ್ನಿ.”

ಸಾಹೇಬರು ದಿಬ್ಬದ ಕಡೆ ಒಮ್ಮೆ ನೋಡಿ ಪೆನ್ನು ಕೇಳಿದರು. ಮೂವತ್ತೆಂಟು ಎಂದು ಬರೆದು ಸಹಿ ಹಾಕಿ, ಪಕ್ಕದ ಷರಾ ಕಾಲಂನಲ್ಲಿ ಒಂದು ಸಾಲು ಸೇರಿಸಿದರು: ಎಲ್ಲವೂ ಜೀವಂತ.