ಕೊರಳಲ್ಲಿದ್ದ ಪಿನ್ನು

"ಇನ್ನೊಂದ್ಸಲ ಮೇಡಂ. ಕೈ ಪಿನ್ ಮೇಲೇ ಇರ್ಲಿ, ಈಗ ಎಳೀತಿದೀನಿ ಅನ್ನೋ ಥರ," ಎಂದು ಟೀಚರ್ ಫೋನು ಎತ್ತಿ ಹಿಡಿದರು.

ಕೆಮುಂಟೊ ಏಣಿಯ ಮೇಲೆ ನಿಂತು, ರಾಕೆಟ್ಟಿನ ಪಕ್ಕೆಗೆ ಚುಚ್ಚಿದ್ದ ಪಿನ್ನನ್ನು ಹಿಡಿದು ನಕ್ಕಳು. ಪಿನ್ನಿನ ಕೆಂಪು ಪಟ್ಟಿ ಸೋಡಾ ಉಪ್ಪಿನ ಕೆರೆಯ ಗಾಳಿಗೆ ಅವಳ ಮಣಿಕಟ್ಟಿಗೆ ಬಡಿಯುತ್ತಿತ್ತು. ಅದು ಪ್ಯಾರಾಚೂಟಿನ ಪಿನ್ನು. ಅದು ಒಳಗಿರುವ ತನಕ ಪ್ಯಾರಾಚೂಟನ್ನು ಹೊರಗೆ ದೂಡುವ ಸಿಡಿಮದ್ದು ನಿದ್ದೆಯಲ್ಲಿರುತ್ತದೆ. ಎಳೆದರೆ ಎಚ್ಚರವಾಗುತ್ತದೆ, ಒಳಗಿಂದ ಮರಿಹಕ್ಕಿಯಂಥ ಒಂದು ಸಣ್ಣ ದನಿ ಬರುತ್ತದೆ. ಆಮೇಲೆ ರಾಕೆಟ್ಟು ಮೂತಿ ಕೆಳಗೆ ಮಾಡಿದೊಡನೆ ಮದ್ದು ಸಿಡಿಯುತ್ತದೆ.

ಕೆಳಗೆ ನಾಲ್ವರು ಹುಡುಗಿಯರು ಹಾಡುತ್ತಿದ್ದರು. ಒಳಗಿರುವ ಉಪಗ್ರಹ ಅವರದು. ಹಾಲಿನ ಡಬ್ಬಿಯಷ್ಟು ದೊಡ್ಡದು, ರಾಕೆಟ್ಟಿನ ಜೊತೆ ಏರಿ ಅದರ ಜೊತೆಗೇ ಇಳಿಯುವಂಥದು. ಕೆಮುಂಟೊಳ ರಾಕೆಟ್ ಕಂಪನಿ ಕೊಟ್ಟ ಕಿಟ್ಟನ್ನು ಶಾಲೆಯ ಅಡುಗೆಮನೆಯಲ್ಲಿ ಕೂತು ಬೆಸುಗೆ ಹಾಕಿ ಜೋಡಿಸಿದ್ದರು.

"ಆ ಪಿನ್ನು ನಮಗೇ ಅಲ್ವಾ ಮೇಡಂ?" ಎಂದು ಅವರಲ್ಲಿ ದೊಡ್ಡವಳಾದ ನಶಿಪಾಯ್ ಕೇಳಿದಳು.

"ರಾಕೆಟ್ ಇಳಿದ್ಮೇಲೆ ನಿಮಗೇ. ಅಲ್ಲೀವರೆಗೆ ನನ್ನ ಕೊರಳಲ್ಲಿರತ್ತೆ."

ಅದು ಕಂಪನಿಯ ಪದ್ಧತಿ. ಪಿನ್ನು ಎಳೆದವರು ಅದನ್ನು ಕೊರಳಿಗೆ ಹಾಕಿಕೊಳ್ಳಬೇಕು, ರಾಕೆಟ್ಟು ಏರಿದಾಗ ಎತ್ತಿ ತೋರಿಸಬೇಕು, ಇಳಿದ ಮೇಲೆ ಕಿಟ್ಟು ಕಟ್ಟಿದ ಮಕ್ಕಳಿಗೆ ಕೊಡಬೇಕು. ಕೆಮುಂಟೊ ಕೂಡ ಒಂದು ಕಾಲಕ್ಕೆ ಅಂಥ ಹುಡುಗಿಯೇ. ಕಂಪನಿಯ ಮೊದಲ ಕಿಟ್ಟು ಕಟ್ಟಿದವಳು. ಆಗ ಸಿಕ್ಕ ಪಿನ್ನನ್ನು ಅಂಗಿಯೊಳಗೆ ಇವತ್ತಿಗೂ ಹಾಕಿಕೊಂಡಿರುತ್ತಾಳೆ.

ಗಾಡಿ ಓಡಿಸುವ ಲೆಕಿಶೋನ್, ದನ ಸಾಕುವ ಮಾಸಾಯಿಗಳವನು, ಪಿಕಪ್ಪಿನ ಹಾರ್ನ್ ಒತ್ತಿದ. "ಅಮ್ಮಾ ಬಾಳೆಹಣ್ಣು, ಫೋಟೊ ಸಾಕು. ಮದುವೆ ಮನೆ ಅಲ್ಲ ಇದು."

ಬಾಳೆತೋಟಗಳ ಕಿಸಿಯ ಕಡೆಯವಳೆಂದು ಅವನಿಗೆ ಅವಳು ಯಾವತ್ತೂ ಬಾಳೆಹಣ್ಣೇ. "ನೀನು ಹಸುಗಳನ್ನ ಎಣಿಸ್ಕೊಂಡಿರು, ಹೋಗು," ಎಂದು ಅವಳು ಏಣಿ ಇಳಿದಳು. ಹುಡುಗಿಯರು ಅವಳನ್ನು ತಬ್ಬಿಕೊಂಡು ಟೀಚರ್ ಜೊತೆ ಗಾಡಿ ಹತ್ತಿದರು. ಅವಳು ಏಣಿ ಮಡಚಿದಳು.

ಮರಳುಮೂಟೆಗಳ ಹಿಂದೆ, ಅಮ್ಮ ಎಂಬರ್ಥದಲ್ಲಿ ಎಲ್ಲರೂ ಮಾಮಾ ಎನ್ನುವ ನ್ಡುಂಗೆ ರಾಕೆಟ್ಟು ಹಾರಿಸುವ ಗುಂಡಿ ಹಿಡಿದು ಕೂತಿದ್ದಳು. ಟ್ರ್ಯಾಕ್ಟರ್ ರಿಪೇರಿಯ ಶೆಡ್ಡಿನಲ್ಲಿ ಕಂಪನಿ ಶುರುಮಾಡಿದವಳು, ನೀರಾವರಿ ಪೈಪಿನಲ್ಲೇ ರಾಕೆಟ್ಟು ಮಾಡಿ ಆಕಾಶಕ್ಕೆ ಕಳಿಸಿದವಳು. ನಿಮ್ಮ ಉಪಗ್ರಹ ನಿಮ್ಮ ಕೈಗೇ ಇಳಿಯುತ್ತದೆ ಎಂದು ಶಾಲೆ ಶಾಲೆಗೆ ಹೋಗಿ ಹೇಳಿದವಳೂ ಅವಳೇ. ಅದಕ್ಕೇ ಮಕ್ಕಳನ್ನು ಅದು ಇಳಿಯುವ ಜಾಗದಲ್ಲಿಯೇ ನಿಲ್ಲಿಸುತ್ತಿದ್ದರು. ಬಿಳಿ ಬಯಲಿನ ಆ ಕಡೆ ಹುಡುಗಿಯರು ಮಾಸಾಯಿಗಳ ಕೆಂಪು ಶುಕಾ ಹೊದಿಕೆಯೊಂದನ್ನು ನಾಲ್ಕು ಮೂಲೆಗೆ ಹಿಡಿದು, ತೊಟ್ಟಿಲಿನಂತೆ ಮಾಡಿಕೊಂಡು ಕಾಯುತ್ತಿದ್ದರು.

"ಎಂಜಿನ್ ಪಿನ್?" ಎಂದು ನ್ಡುಂಗೆ ಕೇಳಿದಳು.

"ಕೊರಳಲ್ಲಿದೆ," ಎಂದ ಎಂಜಿನ್ ನೋಡಿಕೊಳ್ಳುವ ಮುತಿಸ್ಯ.

"ಪ್ಯಾರಾಚೂಟ್ ಪಿನ್?"

ಕೆಮುಂಟೊಳ ಕೈ ಎದೆಗೆ ಹೋಯಿತು. ಅಂಗಿಯ ಅಡಿಯಲ್ಲಿ ಕಬ್ಬಿಣ ಸಿಕ್ಕಿತು.

"ಕೊರಳಲ್ಲಿದೆ."

ರಾಕೆಟ್ಟು ಒಮ್ಮೆ ಕೆಮ್ಮಿತು. ಆಮೇಲೆ ಬಯಲನ್ನೇ ಹರಿದಂಥ ಸದ್ದು. ಕೆರೆಯಂಚಿನ ರಾಜಹಂಸಗಳೆಲ್ಲ ಒಟ್ಟಿಗೆ ಎದ್ದವು. ಹೊಗೆಯ ದಾರ ನೆಟ್ಟಗೆ, ಎಲ್ಲೂ ಸೊಟ್ಟಗಾಗದೆ ಮೇಲಕ್ಕೆ ಹೋಯಿತು. ಇಷ್ಟು ಚೆಂದದ ಏರಿಕೆಯನ್ನು ಅವರು ಯಾರೂ ನೋಡಿರಲಿಲ್ಲ. ಮುತಿಸ್ಯ ತನ್ನ ಪಿನ್ನನ್ನು ಎತ್ತಿ ಆಡಿಸಿದ. ಕೆಮುಂಟೊ ತನ್ನದನ್ನು ಅಂಗಿಯಿಂದ ಎಳೆದು ತಲೆಯ ಮೇಲೆತ್ತಿದಳು, ಎತ್ತಿದವಳು ಅದನ್ನು ನೋಡಿದಳು.

ಪಟ್ಟಿ ಕೆಂಪಗಿರಲಿಲ್ಲ. ಮಾಸಿದ ಗುಲಾಬಿ ಬಣ್ಣ. ಹರಿದಲ್ಲಿ ಅವಳಮ್ಮ ನೀಲಿ ದಾರದಿಂದ ಹಾಕಿಕೊಟ್ಟ ಹೊಲಿಗೆ.

ಅವಳು ಆ ಹೊಲಿಗೆಯನ್ನೇ ನೋಡಿದಳು. ಅಮ್ಮ ಯಾಕೆ ನೀಲಿ ದಾರ ಹಾಕಿದಳು, ಮನೆಯಲ್ಲಿ ಕೆಂಪು ದಾರ ಇರಲಿಲ್ಲವೇ ಎಂದು ಯೋಚಿಸಿದಳು. ಅದನ್ನು ಬಿಟ್ಟು ಬೇರೆ ಯಾವ ಯೋಚನೆಯೂ ತಲೆಯೊಳಗೆ ಬರಲು ಒಪ್ಪಲಿಲ್ಲ. ಆಮೇಲೆ ನೆನಪಿಗೆ ಏಣಿ ಬಂತು. ಫೋನು ಹಿಡಿದ ಟೀಚರ್ ಬಂದರು. ಎಳೀತಿದೀನಿ ಅನ್ನೋ ಥರ. ಹಾಡಿನ ನಡುವೆ ಅವಳಿಗೆ ಮರಿಹಕ್ಕಿಯ ದನಿ ಕೇಳಿರಲಿಲ್ಲ. ಅದು ಕೂಗಿಯೇ ಇರಲಿಲ್ಲ. ಅವಳು ಪಿನ್ನು ಎಳೆದೇ ಇರಲಿಲ್ಲ.

"ಯಾಕೇ, ಮುಖ ಹಂಗ್ಯಾಕಾಯ್ತು?" ಎಂದಳು ನ್ಡುಂಗೆ.

ಕೆಮುಂಟೊ ಅವಳ ಕೈಯಿಂದ ರೇಡಿಯೊ ಕಿತ್ತುಕೊಂಡಳು. "ಲೆಕಿಶೋನ್, ಪ್ಯಾರಾಚೂಟ್ ಬಿಚ್ಚಲ್ಲ. ಹುಡುಗೀರನ್ನ ಚದುರ್ಸು. ಗಾಡಿ ಕೆಳಗೆ ನುಗ್ಗಬೇಡಿ. ಮೇಲೆ ನೋಡ್ತಾ ಇರಿ."

ರೇಡಿಯೊದಲ್ಲಿ ನಗು ಕೇಳಿತು. ತಲೆ ಜೋಪಾನ, ರಾಕೆಟ್ ಬೀಳ್ತಿದೆ ಎಂದು ಪ್ರತಿ ಸಲವೂ ಅವನನ್ನು ಹೆದರಿಸುವುದು ಅವಳ ಆಟವಾಗಿತ್ತು. "ಆಯ್ತಮ್ಮಾ. ಬಾಳೆಗೊನೆ ಬಿದ್ರೆ ನಾನೇ ಹಿಡ್ಕೋತೀನಿ."

ಮೇಲೆ ಹೊಗೆಯ ದಾರ ಮುಗಿದಿತ್ತು. ಬಿಳಿ ಪ್ಯಾರಾಚೂಟು ಅರಳಬೇಕಾದ ಜಾಗದಲ್ಲಿ ಬರಿಯ ನೀಲಿ ಇತ್ತು.

"ಲೆಕಿಶೋನ್," ಎಂದಳು. ಅವಳ ದನಿ ಅವಳಿಗೇ ಯಾರದೋ ಅನ್ನಿಸಿತು. "ನನ್ನ ಕೈಲಿರೋದು ನನ್ನ ಹಳೇ ಪಿನ್ನು."

ನಗು ನಿಂತಿತು. ಆ ಪಿನ್ನಿನ ಬಗ್ಗೆ ಅವನು ಅವಳನ್ನು ಎಷ್ಟೋ ಸಲ ರೇಗಿಸಿದ್ದ. ರೇಡಿಯೊ ಎಲ್ಲೋ ಬಿದ್ದ ಸದ್ದು, ಮಾಸಾಯಿಗಳ ಮಾ ಭಾಷೆಯಲ್ಲಿ ಅವನ ಕೂಗು. ದೂರದಲ್ಲಿ ಶುಕಾದ ಒಂದು ಮೂಲೆ ಕುಸಿಯಿತು, ಇನ್ನೊಂದು ಕುಸಿಯಿತು. ಪುಟ್ಟ ಆಕೃತಿಗಳು ಒಂದೊಂದು ದಿಕ್ಕಿಗೆ ಓಡಿದವು. ಒಂದು ಮಾತ್ರ ಶುಕಾ ಹಿಡಿದು ಅಲ್ಲೇ ನಿಂತಿತ್ತು. ಲೆಕಿಶೋನ್ ಅದನ್ನು ಹೊದಿಕೆ ಸಮೇತ ಎತ್ತಿಕೊಂಡು ಓಡಿದ.

ಬಿದ್ದದ್ದು ಯಾರಿಗೂ ಕಾಣಲಿಲ್ಲ. ನೆಲ ಒಮ್ಮೆ ಗುದ್ದಿಸಿಕೊಂಡಿತು, ಅಷ್ಟೇ. ಬಿಳಿ ಧೂಳು ಎದ್ದು ಅಲ್ಲಿದ್ದವರನ್ನೆಲ್ಲ ಮುಚ್ಚಿತು. ರೇಡಿಯೊ ಬರಿದೇ ಗೊರಗೊರ ಎನ್ನುತ್ತಿತ್ತು. ನ್ಡುಂಗೆ ಕೆಮುಂಟೊಳ ಕೈಯಲ್ಲಿದ್ದ ಮಾಸಿದ ಪಟ್ಟಿಯನ್ನು ನೋಡುತ್ತ, ತುಟಿಯಲ್ಲೇ ಹುಡುಗಿಯರ ಹೆಸರು ಹೇಳಿಕೊಳ್ಳುತ್ತಿದ್ದಳು.

"ಎಲ್ಲಾ ಇದೀವಿ," ಎಂದಿತು ರೇಡಿಯೊ. ಮತ್ತೆ, "ಎಲ್ಲಾ ಇದೀವಿ ಕೆಮುಂಟೊ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅವಳು ಓಡುತ್ತ ಹೋದಾಗ ಲೆಕಿಶೋನ್ ಟೀಚರಿಗೆ ನೀರು ಕುಡಿಸುತ್ತಿದ್ದ. ಶುಕಾ ಹಿಡಿದು ನಿಂತಿದ್ದ ಜಾಗದಿಂದ ಒಂದು ಹಸು ಮಲಗುವಷ್ಟು ದೂರದಲ್ಲಿ ರಾಕೆಟ್ಟು ಸೋಡಾ ಕೆಸರಿಗೆ ಅರ್ಧಕ್ಕರ್ಧ ಹೂತು, ಬಾಲ ಮೇಲೆ ಮಾಡಿ ನಿಂತಿತ್ತು. ಉಪಗ್ರಹ ಎಲ್ಲೋ ತಳದಲ್ಲಿ. ಹುಡುಗಿಯರು ಅಳುತ್ತಿರಲಿಲ್ಲ. ಮೈಯೆಲ್ಲ ಬಿಳಿ ಬಳಿದುಕೊಂಡು, ನಿದ್ದೆಯಿಂದ ಎದ್ದವರಂತೆ ಅದರ ಸುತ್ತ ನಿಂತಿದ್ದರು. ಕೆಸರು ಮುಗಿದು ಪೈಪು ಶುರುವಾಗುವಲ್ಲಿ ಒಂದು ಕೆಂಪು ಪಟ್ಟಿ ಚಿಂದಿಯಾಗಿ ನೇತಾಡುತ್ತಿತ್ತು.

"ನಮ್ಮ ಪಿನ್ನು," ಎಂದಳು ನಶಿಪಾಯ್. ಅದು ಸಿಕ್ಕಿದ್ದಕ್ಕೆ ಅವಳಿಗೆ ಖುಷಿಯೇ ಆದಂತಿತ್ತು. "ಇಳಿದ್ಮೇಲೆ ನಮಗೆ ಅಂದಿದ್ರಲ್ಲ."

ಅವಳು ಬಗ್ಗಿ ಪಟ್ಟಿಗೆ ಕೈ ಹಾಕಿದಳು.

ಒಳಗೆ ಮದ್ದು ಇನ್ನೂ ಹಾಗೇ ಇತ್ತು. ನಿದ್ದೆಯಲ್ಲಿ. ಪಿನ್ನು ಎಳೆದರೆ ಎಚ್ಚರವಾಗುವಂತೆ, ಮೂತಿ ಕೆಳಗಿದ್ದರೆ ಸಿಡಿಯುವಂತೆ ಅದನ್ನು ಕಟ್ಟಿದ್ದು ಸ್ವತಃ ಕೆಮುಂಟೊ.

ಕೆಮುಂಟೊ ಕೆಸರಿಗೆ ಮೊಣಕಾಲೂರಿ ಬಿದ್ದು ಹುಡುಗಿಯ ಮಣಿಕಟ್ಟನ್ನು ಹಿಡಿದಳು. ಪಟ್ಟಿ ಹುಡುಗಿಯ ಬೆರಳುಗಳಿಂದ ನುಣುಚಿ ಮತ್ತೆ ನೇತಾಡಿತು.

"ಮೇಡಂ."

ಕೆಮುಂಟೊ ಅವಳನ್ನು ಹಿಂದಕ್ಕೆಳೆದಳು. ಇನ್ನೂ ಹಿಂದಕ್ಕೆ. ಶುಕಾ ಬಿದ್ದಿದ್ದ ಜಾಗ ದಾಟಿ, ಗಾಡಿ ದಾಟಿ.

"ಮೇಡಂ, ಬಿಡಿ. ನೋಯ್ತಿದೆ."

ಬಿಡಬೇಕೆಂದು ಕೆಮುಂಟೊಗೂ ಗೊತ್ತಿತ್ತು. ಬೆರಳುಗಳಿಗೆ ಗೊತ್ತಿರಲಿಲ್ಲ. ಲೆಕಿಶೋನ್ ಬಂದು ಪಕ್ಕದಲ್ಲಿ ಕೂತು ಅವನ್ನು ಒಂದೊಂದಾಗಿ ಬಿಡಿಸತೊಡಗಿದ.