ಹಚ್ಚಿಟ್ಟ ನೀರೊಲೆ

ಆಂಜಿನಪ್ಪ ಚೊಂಬು ಎತ್ತಿ ನೀರೊಲೆಯ ಬಾಯಿಗೆ ಸುರಿಯಬೇಕು ಅನ್ನುವಷ್ಟರಲ್ಲಿ ಕಲಾವತಿ ಓಡಿಬಂದು ಚೊಂಬನ್ನೇ ಹಿಡಿದುಕೊಂಡಳು. ಅರ್ಧ ನೀರು ಇಬ್ಬರ ಕಾಲ ಮೇಲೂ ಚೆಲ್ಲಿತು.

“ಬೇಡ ಮಾವ, ಆರಿಸ್ಬೇಡಿ.”

“ಏನಮ್ಮ ನೀನು! ಸತ್ತ ಮನೇಲಿ ಒಲೆ ಉರೀಬಾರ್ದು. ಒಳಗೆ ಗ್ಯಾಸ್ ಆರ್ಸಿದ್ದೀರಿ ತಾನೆ? ಇದೂ ಒಲೇನೇ ಅಲ್ವಾ?”

“ಇದನ್ನ ಹಚ್ಚಿದ್ದು ಅತ್ತೆ.”

ಕೊಡಿಗೇಹಳ್ಳಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಬಿದಿರು, ಹಗ್ಗ, ಮಡಕೆ, ತಮಟೆಯವರು ಎಲ್ಲವನ್ನೂ ಹೊಂದಿಸುವವನು ಆಂಜಿನಪ್ಪನೇ. ಸೊಸೆಯರು ಅಳುವುದನ್ನು ನೋಡಿದ್ದ, ಅಳದೇ ಇರುವುದನ್ನೂ ನೋಡಿದ್ದ. ಹೀಗೆ ಒಲೆಗೆ ಅಡ್ಡ ನಿಂತವಳನ್ನು ನೋಡಿರಲಿಲ್ಲ.

ಆವತ್ತು ಬೆಳಗಿನ ಜಾವ ಅತ್ತೆ ಮುನಿನಾರಾಯಣಮ್ಮ ಎಂದಿನಂತೆ ಎಲ್ಲರಿಗಿಂತ ಮೊದಲೆದ್ದು, ಹಂಡೆ ತುಂಬಿ, ಒಲೆ ಹಚ್ಚಿ, ಅದರ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಕೂತವಳು ಮತ್ತೆ ಏಳಲಿಲ್ಲ. ಕಲಾವತಿ ಬಕೆಟ್ ಹಿಡಿದು ಬಂದಾಗ ಅವಳು ಗೋಡೆಗೆ ಒರಗಿದ್ದಳು, ಉರಿಯ ಬೆಳಕು ಮುಖದ ಮೇಲೆ ಆಡುತ್ತಿತ್ತು. ಅತ್ತೆ ನಗುತ್ತಿದ್ದಾಳೆಂದೇ ಒಂದು ಗಳಿಗೆ ಅನ್ನಿಸಿತು.

ಈಗ ಅವಳನ್ನು ಮುಂದಿನ ಹಜಾರದಲ್ಲಿ ಮಲಗಿಸಿ ತಲೆಯ ಬಳಿ ದೀಪ ಇಟ್ಟಿದ್ದರು. ಹಿಂದುಗಡೆ ಹಂಡೆ ಮಾತ್ರ ಏನೂ ಗೊತ್ತಿಲ್ಲದ ಹಾಗೆ ಸಣ್ಣಗೆ ಸದ್ದು ಮಾಡುತ್ತಾ ಕಾಯುತ್ತಿತ್ತು.

“ಇದೇ ನೀರಲ್ಲಿ ಅತ್ತೆಗೆ ಸ್ನಾನ ಮಾಡಿಸ್ಬೇಕು,” ಎಂದಳು ಕಲಾವತಿ.

“ಅದನ್ನ ನಿಮ್ಮ ಚಿಕ್ಕಬಾಣಾವರದತ್ತೆ ಬಂದು ಹೇಳ್ಲಿ ತಾಯಿ,” ಎಂದು ಆಂಜಿನಪ್ಪ ಚೊಂಬನ್ನು ಕೆಳಗಿಟ್ಟ.

ಚಿಕ್ಕಬಾಣಾವರದ ಲಕ್ಷ್ಮಿದೇವಮ್ಮ ಸತ್ತವಳ ನಾದಿನಿ. ಆಟೋ ಇಳಿಯುತ್ತಲೇ ಬೀದಿಯಿಂದ ಅಳುತ್ತಾ ಬಂದಳು. ಅತ್ತಿಗೆಯ ಕಾಲು ಹಿಡಿದು ಒಂದಷ್ಟು ಹೊತ್ತು ಅತ್ತು, ಮೂಗು ಒರೆಸಿಕೊಂಡು ಎದ್ದವಳೇ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಸಂಗತಿ ಕಿವಿಗೆ ಬಿದ್ದದ್ದೇ ಹಿಂದುಗಡೆಗೆ ಬಂದಳು.

“ಏನೇ ಅದು, ಬದ್ಕಿರೋರ್ಗೆ ಅಂತ ಕಾಯ್ಸಿದ್ ನೀರ್ನ ಎಣಕ್ಕೆ ಉಯ್ಯೋದಾ? ಎಲ್ಲಾನ ಉಂಟಾ? ಒಸ ಮಡಕೆ ತರ್ಸು. ಮನೆ ಮುಂದೆ ಮೂರು ಕಲ್ಲಿಕ್ಕು.”

“ಮನೆ ಮುಂದೆ ಕಾರು ನಿಂತಿದೆ ಅತ್ತೆ.”

“ಕಾರ್ ತಗ್ಸು. ಕಾರ್ಗೇನ್ ಕಾಲ್ ಬಿದ್ದೋಗವಾ?”

ಕಲಾವತಿಯ ಗಂಡ ಯೋಗಾನಂದ ಕಿವಿಯಿಂದ ಮೊಬೈಲ್ ತೆಗೆಯದೆಯೇ ಬಂದ. ಶಾಮಿಯಾನದವನ ಜೊತೆ ಮಾತು ಮುಗಿದಿರಲಿಲ್ಲ. “ಶಾಸ್ತ್ರ ಏನಿದ್ಯೋ ಹಾಗೇ ಮಾಡೋಣ ಬಿಡು ಕಲಾ,” ಎಂದ. ಅವನ ಕಣ್ಣು ಒಲೆಯ ಕಡೆ ಹೋಗಿ, ಮಣೆಯನ್ನು ಕಂಡು, ಬೇರೆಲ್ಲೋ ಹೊರಳಿತು.

ಕಲಾವತಿ ಜಗಳವಾಡುವ ಹೆಂಗಸಲ್ಲ. ಅವಳು ಆ ಮಣೆಯ ಮೇಲೆ ಹೋಗಿ ಕೂತಳು. ಪಕ್ಕದಲ್ಲಿ ಅತ್ತೆ ಮಡಚಿಟ್ಟಿದ್ದ ರಟ್ಟಿನ ಡಬ್ಬದ ಒಂದು ಚೂರು ಹರಿದು ಉರಿಗೆ ಒಡ್ಡಿದಳು.

*

ಹಿತ್ತಿಲಿದ್ದ ಜಾಗದಲ್ಲಿ ಯೋಗಾನಂದ ಬಾಡಿಗೆ ಮನೆಗಳನ್ನು ಕಟ್ಟಿಸಿದಾಗ ಮುನಿನಾರಾಯಣಮ್ಮ ಏನೂ ಕೇಳಿರಲಿಲ್ಲ. ಸೀಬೆಗಿಡ ಹೋಯಿತು, ಕಲ್ಲಿನ ತೊಟ್ಟಿ ಹೋಯಿತು. ನೀರೊಲೆಯ ಸರದಿ ಬಂದಾಗ ಮಾತ್ರ, “ಇದೊಂದಿರ್ಲಿ ಮಗ,” ಎಂದಳು. ಹಾಗಾಗಿ ಸ್ಕೂಟರ್ ನಿಲ್ಲಿಸುವ ಜಾಗದ ಹಿಂದೆ, ಓಣಿಯಂಥ ದಾರಿಯ ಕೊನೆಗೆ, ಶೀಟು ಹೊದಿಸಿದ ಒಂದು ಬಚ್ಚಲು ಉಳಿದುಕೊಂಡಿತು. ಮಹಡಿಯ ಮೇಲೆ ಸೋಲಾರ್ ಬಂದರೂ ಅವಳು ಆ ನೀರು ಮುಟ್ಟಲಿಲ್ಲ.

“ಬಿಸಿ ಐತೆ, ಇಲ್ಲ ಅನ್ನಲ್ಲ. ಬೆಚ್ಗಿಲ್ಲ,” ಅನ್ನುತ್ತಿದ್ದಳು.

ಸೌದೆ ಎಲ್ಲಿಂದ ಬರಬೇಕು? ಬಾಡಿಗೆಯವರಿಗೆ ದಿನವೂ ಬರುತ್ತಿದ್ದ ಪಾರ್ಸೆಲ್ಲಿನ ರಟ್ಟಿನ ಡಬ್ಬಗಳೇ ಅವಳ ಸೌದೆ. ಮೊದಲು ಹೊಗೆಯೆಂದು ಗೊಣಗುತ್ತಿದ್ದವರು ಆಮೇಲೆ ತಾವೇ ತಂದುಕೊಟ್ಟರು. ಮೊದಲ ಮಹಡಿಯ ಗಜಾಲಾ ಅಂತೂ ಟೇಪು ಕಿತ್ತು, ಮಡಚಿ, ದಾರ ಕಟ್ಟಿ ಕೊಡುತ್ತಿದ್ದಳು. ಓದು ಬರದಿದ್ದರೂ ಮುನಿನಾರಾಯಣಮ್ಮ ಡಬ್ಬದ ಮೇಲಿನ ಚಿತ್ರ ನೋಡಿಯೇ ಊರ ಸಮಾಚಾರ ಹೇಳುತ್ತಿದ್ದಳು.

“ಮ್ಯಾಲಿನ ಮನೆಯೋರು ದೊಡ್ ಕುಕ್ಕರ್ ತರ್ಸವ್ರೆ ಕಣಮ್ಮಿ. ನೆಂಟ್ರು ಬತ್ತವ್ರೆ, ಇಲ್ಲಾ ಮಗ ಬತ್ತೈತೆ.”

ಮಗುವೇ ಬಂತು.

ಆದರೆ ಒಲೆ ಉಳಿಸಿಕೊಂಡದ್ದು ಬರೀ ನೀರಿಗಲ್ಲ ಎಂಬುದು ಕಲಾವತಿಗೆ ಗೊತ್ತಾದದ್ದು ತಡವಾಗಿ. ಸಕ್ಕರೆ ಕಾಯಿಲೆ ಎಂದಾದ ಮೇಲೆ ಡಾಕ್ಟರು ಗೆಣಸನ್ನು ಖಡಾಖಂಡಿತವಾಗಿ ಬೇಡ ಅಂದಿದ್ದರು. ಯೋಗಾನಂದ ಅದನ್ನು ಮನೆಗೇ ತರದಂತೆ ಮಾಡಿದ್ದ. ಬೀದಿಯಲ್ಲಿ ಗೆಣಸಿನ ಗಾಡಿಯವನು ಕೂಗಿದರೂ ಇವನು ಅನುಮಾನದಿಂದ ಅಮ್ಮನ ಮುಖ ನೋಡುತ್ತಿದ್ದ. ಮುನಿನಾರಾಯಣಮ್ಮ ಎಲ್ಲಿಂದ ತರಿಸುತ್ತಿದ್ದಳೋ, ಬೆಳಗಿನ ಜಾವ ಒಲೆಯ ಹಿಂದಿನ ಮೂಲೆಯ ಬಿಸಿಬೂದಿಯಲ್ಲಿ ಒಂದು ಸಣ್ಣ ಗೆಣಸು ಮುಚ್ಚಿಟ್ಟು, ಮನೆ ಏಳುವ ಮುಂಚೆ ತಿಂದು ಮುಗಿಸುತ್ತಿದ್ದಳು. ಒಮ್ಮೆ ಅವಳ ತುಟಿಯಂಚಿನ ಮಸಿ ನೋಡಿ ಕಲಾವತಿಗೆ ತಿಳಿಯಿತು. ಮಾರನೆಯ ದಿನದಿಂದ ಅವಳು ನೀರಿಗೆ ಬರುವಾಗ ಓಣಿಯ ಗೋಡೆಗೆ ಬಕೆಟ್ ತಾಗಿಸಿ ಸದ್ದು ಮಾಡಿಕೊಂಡೇ ಬರುತ್ತಿದ್ದಳು, ಅತ್ತೆಗೆ ಬಾಯಿ ಒರೆಸಿಕೊಳ್ಳುವಷ್ಟು ಹೊತ್ತು ಸಿಗಲಿ ಎಂದು.

ಹೀಗೇ ಎಷ್ಟೋ ದಿನ ನಡೆಯಿತು. ಒಂದು ಬೆಳಗ್ಗೆ ಮುನಿನಾರಾಯಣಮ್ಮ ತಿರುಗಿ ಕೂಡ ನೋಡದೆ, ಹೊಗೆಯಾಡುವ ಅರ್ಧ ಗೆಣಸನ್ನು ಒಲೆಯ ಕಟ್ಟೆಯ ಮೇಲೆ ಬಾಗಿಲ ಕಡೆಗೆ ಸರಿಸಿಟ್ಟಳು.

“ಬಕೀಟ್ ಯಾಕಂಗೆ ಕುಟ್ತೀಯ? ಯೋಗಂಗೆ ಎಚ್ರ ಆಯ್ತದೆ. ಬಾ, ತಿನ್ನು.”

ಅಂದಿನಿಂದ ಬೂದಿಯಲ್ಲಿ ಎರಡು ಬೇಯುತ್ತಿದ್ದವು. ಬಕೆಟ್ಟಿನ ಸದ್ದು ಮಾತ್ರ ನಿಲ್ಲಲಿಲ್ಲ. ಅದೊಂದು ಆಟವಾಗಿಬಿಟ್ಟಿತ್ತು.

*

“ಏಳೇ ಮ್ಯಾಕೆ,” ಎಂದಳು ಲಕ್ಷ್ಮಿದೇವಮ್ಮ.

ಕಲಾವತಿ ಏಳಲಿಲ್ಲ. “ಅತ್ತೆ ಸೋಲಾರ್ ನೀರು ಹುಯ್ಕೊಂಡೋರಲ್ಲ. ಯಾರೋ ಆತುರದಲ್ಲಿ ಮಡಕೇಲಿ ಕಾಯ್ಸಿ, ಒಂದ್ ಕಡೆ ಸುಡೋದು ಒಂದ್ ಕಡೆ ತಣ್ಣಗಿರೋದು ಹುಯ್ಯೋದು ನಂಗೆ ಬೇಡ. ಅವರೇ ಕಾಯ್ಸಿಟ್ಟಿದ್ದಾರೆ. ಅವರಿಗೆ ಎಷ್ಟು ಬೇಕೋ ಅಷ್ಟು.”

ಲಕ್ಷ್ಮಿದೇವಮ್ಮ ಬೈಯಲು ಬಾಯಿ ತೆರೆದವಳು, ಅದೇನನ್ನಿಸಿತೋ, ಬಗ್ಗಿ ಹಂಡೆಯೊಳಗೆ ಕೈ ಅದ್ದಿದಳು. ಮಣಿಕಟ್ಟಿನವರೆಗೆ ಅದ್ದಿದ ಕೈಯನ್ನು ಬಹಳ ಹೊತ್ತು ಹೊರತೆಗೆಯಲಿಲ್ಲ. ಆ ಮನೆಯಿಂದ ಮದುವೆಯಾಗಿ ಹೋಗುವ ತನಕ ಅವಳ ಎಣ್ಣೆಸ್ನಾನಕ್ಕೆ ನೀರು ಕಾಯಿಸಿದವಳು ಈ ಅತ್ತಿಗೆಯೇ.

“ಅದ್ವಾಗೈತೆ,” ಎಂದಳು ಮೆಲ್ಲಗೆ. ಆಮೇಲೆ ದನಿ ಏರಿಸಿ, “ಬಿಂದಿಗೆ ಎಲ್ಲೇ? ತಗಂಬಾ. ತಣ್ಣೀರ್ ಬೆರೆಸ್ಬ್ಯಾಡಿ ಯಾರೂ!”

ಆಂಜಿನಪ್ಪ ತಲೆ ಕೆರೆದುಕೊಂಡ. “ಏನ್ ಲಕ್ಷ್ಮಿದೇವಮ್ಮ, ಈಗ್ ತಾನೆ ಆಗಲ್ಲ ಅಂದ್ರಿ?”

“ಆಗ ಅಂದೆ. ಈಗ ಅಂತಿಲ್ಲ. ನೀನೋಗಿ ಬಿದಿರು ಕಟ್ಟೋಗು.”

ಹೆಂಗಸರು ಸೀರೆ ಅಡ್ಡ ಹಿಡಿದರು. ಕಲಾವತಿ ತುಂಬಿ ಕೊಟ್ಟ ಬಿಂದಿಗೆಗಳಿಂದ ಲಕ್ಷ್ಮಿದೇವಮ್ಮ ನಿಧಾನವಾಗಿ, ಬಾಣಂತಿಗೆ ಹುಯ್ಯುವಂತೆ ನೀರು ಹುಯ್ದಳು. ಉಗುರಿನ ಸಂದಿಯ ಮಸಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. “ಇರ್ಲಿ ಬುಡು, ಅವಳ್ದೇ,” ಎಂದಳು.

*

ಮಣ್ಣು ಮಾಡಿ ಎಲ್ಲರೂ ಹಿಂದಿರುಗುವಾಗ ಬಿಸಿಲು ಇಳಿದಿತ್ತು. ಬಾಗಿಲಲ್ಲಿ ಕಾಲು ತೊಳೆದು, ದೀಪ ನೋಡಿ ಹಿಂದುಗಡೆಗೆ ಹೋದರೆ ಹಂಡೆಯಲ್ಲಿ ಮತ್ತೆ ತುಂಬ ನೀರು ಕಾದಿತ್ತು. ಗಜಾಲಾ ಒಲೆಯ ಮುಂದೆ ಕೂತಿದ್ದಳು, ಹೊಗೆಗೆ ಕಣ್ಣು ಕೆಂಪಾಗಿತ್ತು, ಅಥವಾ ಹೊಗೆಗಲ್ಲವೇನೋ.

“ಡಬ್ಬಗಳು ಎತ್ತಿಟ್ಟಿದ್ದೆ ಅಕ್ಕ, ಅಮ್ಮಂಗೆ ಕೊಡೋಣಾ ಅಂತ. ಅವರಿದ್ದಿದ್ರೆ ಇಷ್ಟ್ ಜನಾನ ತಣ್ಣೀರಲ್ಲಿ ಬಿಡ್ತಿದ್ರಾ?” ಎಂದಳು. “ಮೇಲೆ ಟೀ ಮಾಡಿದ್ದೀನಿ. ತರ್ತೀನಿ.”

ಒಬ್ಬೊಬ್ಬರಾಗಿ ಸ್ನಾನ ಮಾಡಿ ಹೋದರು. ಕೊನೆಗೆ ಉಳಿದವಳು ಕಲಾವತಿ. ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಹಾಕಿ, ಇನ್ನು ಒಲೆಯನ್ನು ತಾನೇ ತಣ್ಣಗೆ ಮಾಡಬೇಕೆಂದು ಬೂದಿ ಕೆದಕಿದಳು. ಹಿಂದಿನ ಮೂಲೆಯಲ್ಲಿ ಕಡ್ಡಿಗೆ ಏನೋ ಮೆತ್ತಗೆ ತಾಗಿತು. ಎಳೆದಳು. ಇನ್ನೊಂದು ತಾಗಿತು. ಅದನ್ನೂ ಎಳೆದಳು.

ಎರಡು ಗೆಣಸು. ದಿನವೆಲ್ಲ ಬೂದಿಯಲ್ಲಿದ್ದು ಸಿಪ್ಪೆ ಇದ್ದಿಲಾಗಿತ್ತು.

“ಏನೇ ಅದು?” ಲಕ್ಷ್ಮಿದೇವಮ್ಮ ತಲೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು.

ಬೆಳಗಿನಿಂದ ಅಳದ ಕಲಾವತಿ ಈಗ ಅಳುತ್ತಿದ್ದಳು.

ಲಕ್ಷ್ಮಿದೇವಮ್ಮ ಒಲೆಯನ್ನು ನೋಡಿದಳು, ಗೆಣಸುಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆಮೇಲೆ ಉಸ್ಸೆಂದು ನೆಲದ ಮೇಲೇ ಕೂತಳು.

“ನಂಗೂ ಇಂಗೇ ಮುಚ್ಚಿಕ್ತಿದ್ಲು. ನಮ್ಮವ್ವನ ಕಣ್ಣಿಗ್ ಬೀಳ್ದಂಗೆ.” ಮತ್ತೆ, “ಸಾವಿನ ಮನೇಲಿ ಬೇಯ್ಸಿದ್ದು ತಿನ್ಬಾರ್ದು,” ಎಂದಳು.

“ಹೂಂ ಅತ್ತೆ.”

“ಇದು ಸಾಯಕ್ಕೆ ಮುಂಚೆ ಇಕ್ಕಿರಾದು.” ಅವಳು ಅಂಗೈ ಚಾಚಿದಳು. “ಕೊಡಿಲ್ಲಿ ಒಂದು.”

ಕರಿಯ ಸಿಪ್ಪೆ ಬಿಡಿಸಿದರೆ ಒಳಗೆ ಹೊಂಬಣ್ಣ, ಇನ್ನೂ ಹಬೆ. ಇಬ್ಬರೂ ಊದಿಕೊಂಡು, ಬೆರಳು ಬದಲಿಸಿಕೊಂಡು ತಿಂದರು.

ಆಗ ಓಣಿಯಲ್ಲಿ ಬಕೆಟ್ಟು ಗೋಡೆಗೆ ತಾಗಿದ ಸದ್ದಾಯಿತು. ಜೊತೆಗೆ ಯೋಗಾನಂದನ ಕೆಮ್ಮು. ಆದರೆ ಅವನು ಒಳಗೆ ಬರಲಿಲ್ಲ. ತುಸು ತಡೆದು ಬಕೆಟ್ಟು ಇನ್ನೊಮ್ಮೆ, ಬೇಕೆಂದೇ ಕುಟ್ಟಿದ ಹಾಗೆ, ಗೋಡೆಗೆ ತಾಗಿತು.

ಲಕ್ಷ್ಮಿದೇವಮ್ಮ ಗಡಬಡಿಸಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಕಲಾವತಿ ಒರೆಸಿಕೊಳ್ಳಲಿಲ್ಲ. ಕೈಯಲ್ಲಿ ಉಳಿದಿದ್ದ ಅರ್ಧ ಗೆಣಸನ್ನು ಒಲೆಯ ಕಟ್ಟೆಯ ಮೇಲೆ ಬಾಗಿಲ ಕಡೆಗೆ ಸರಿಸಿಟ್ಟಳು.